ಸಗರನಾಡಿನಲ್ಲಿ ಜ್ವಾಲಾಮುಖಿ ಹುಡುಕಿದ ದಿನ

ಬೆಂಗಳೂರಿನಲ್ಲಿ ಎಂಟನೇ ತರಗತಿ ಓದುವ ನನ್ನ ಮೊಮ್ಮಗಳು ಎಳ್ಳ ಅಮಾವಾಸ್ಯೆಗೆಂದು ಯಾದಗಿರಿಗೆ ಬಂದವಳು ನಕ್ಷೆ ಹರವಿಕೊಂಡು ಕುಳಿತಿದ್ದಳು. “ಮುತ್ಯಾ, ಇಲ್ಲಿ ನೋಡು. ಶಹಾಪುರದ ಹತ್ತಿರ ವಿಭೂತಿಹಳ್ಳಿ ಅಂತ ಒಂದು ಊರು. ಸುರಪುರದ ಆಚೆ ಬೂದಿಹಾಳ ಅಂತ ಇನ್ನೊಂದು ಊರು. ಎರಡರ ಹೆಸರಲ್ಲೂ ಬೂದಿ! ನಡುವೆ ನೋಡಿದರೆ ಬರೀ ಕಲ್ಲುಗುಡ್ಡ. ಅಂದರೆ ಇಲ್ಲಿ ಹಿಂದೆ ಜ್ವಾಲಾಮುಖಿ ಇತ್ತು ತಾನೆ?” ಎಂದಳು.

ಇಲ್ಲೇ ಯಾದಗಿರಿಯಲ್ಲಿ ಐದನೆಯ ತರಗತಿ ಓದುವ ಮೊಮ್ಮಗ ಒಪ್ಪಲಿಲ್ಲ. “ನಮ್ಮ ಜಿಲ್ಲಾದಾಗ ಜ್ವಾಲಾಮುಖಿ ಇದ್ದಿದ್ರ ನಮ್ಮ ಸಾಲ್ಯಾಗ ಹೇಳ್ತಿರಲಿಲ್ಲೇನು?” ಎಂದ.

ಮೂವತ್ತು ವರ್ಷ ಹೈಸ್ಕೂಲಿನಲ್ಲಿ ವಿಜ್ಞಾನ ಪಾಠ ಮಾಡಿದವನು ನಾನು. ಉತ್ತರ ನಾಲಿಗೆಯ ತುದಿಗೇ ಬಂದಿತ್ತು. ಆದರೂ ನುಂಗಿಕೊಂಡೆ. ಇಷ್ಟು ಚೆಂದದ ಊಹೆಯನ್ನು ಕುಳಿತಲ್ಲೇ ‘ಹೌದು’, ‘ಅಲ್ಲ’ ಎಂದು ಮುಗಿಸಿಬಿಡಲು ಮನಸ್ಸು ಬರಲಿಲ್ಲ. “ಭಾನುವಾರ ಹೋಗಿ ನೋಡೂಣು. ಕಲ್ಲನ್ನೇ ಕೇಳೂಣು” ಎಂದೆ. ಇಬ್ಬರಿಗೂ ಒಂದೊಂದು ನೋಟ್‌ಬುಕ್, ಮೂವರಿಗೂ ಸೇರಿ ನನ್ನ ಹಳೆಯ ಭೂತಗನ್ನಡಿ. ನಮ್ಮ ಮನೆಯಾಕೆ ಸಜ್ಜಿ ರೊಟ್ಟಿ, ಪುಂಡಿ ಪಲ್ಯ, ಶೇಂಗಾ ಹಿಂಡಿ ಕಟ್ಟಿಕೊಟ್ಟಳು.

ಕೋಟೆಯ ಕಲ್ಲು ಹೇಳಿದ್ದು

ಹೊರಟದ್ದು ಬೆಳಗಿನ ಆರು ಗಂಟೆಗೆ. ಮೊದಲು ಹತ್ತಿದ್ದು ನಮ್ಮೂರ ಕೋಟೆ. ಯಾದಗಿರಿಯ ಕೋಟೆ ಊರ ನಡುವಿನ ಬೋಳು ಬಂಡೆಯ ಗುಡ್ಡದ ಮೇಲಿದೆ. ಅಲ್ಲಿ ಕೋಟೆಗೋಡೆ ಎಲ್ಲಿ ಮುಗಿಯುತ್ತದೆ, ಗುಡ್ಡ ಎಲ್ಲಿ ಶುರುವಾಗುತ್ತದೆ ಎಂದು ಥಟ್ಟನೆ ಹೇಳಲು ಬರುವುದಿಲ್ಲ. ಗುಡ್ಡದ ಕಲ್ಲಿನಿಂದಲೇ ಗೋಡೆ ಎದ್ದಿದೆ.

ಒಂದು ಒಡೆದ ಕಲ್ಲಿನ ಮೇಲೆ ಭೂತಗನ್ನಡಿ ಹಿಡಿಯಲು ಹೇಳಿದೆ. “ಏನು ಕಾಣ್ತದ?”

“ಚುಕ್ಕಿ! ಬಿಳೀವು, ತಿಳಿಗೆಂಪು, ಕರೀವು. ಒಂದೊಂದು ಮಿಣಮಿಣ ಅಂತಾವ.”

ಗಾಜಿನಂತೆ ಕಾಣುವುದು ಬೆಣಚುಕಲ್ಲಿನ ಹರಳು. ತಿಳಿಗೆಂಪು ಇಲ್ಲವೆ ಬಿಳಿ ಬಣ್ಣದ ಮಂಕು ಹರಳು ಫೆಲ್ಡ್‌ಸ್ಪಾರ್. ಮಿನುಗುವ ಕಪ್ಪು ಚೂರು ಕಾಗೆಬಂಗಾರ. ಈ ಮೂರು ಕೂಡಿ ಆದದ್ದೇ ಗ್ರಾನೈಟ್. ನಮ್ಮ ಭಾಗದ ಗ್ರಾನೈಟಿಗೆ ಸುಮಾರು 250 ಕೋಟಿ ವರ್ಷ ವಯಸ್ಸು. ಆಗ ಭೂಮಿಯ ಮೇಲೆ ಮರವಿರಲಿಲ್ಲ, ಹುಲ್ಲಿರಲಿಲ್ಲ, ಮೀನೂ ಇರಲಿಲ್ಲ. ಕಣ್ಣಿಗೆ ಕಾಣದಷ್ಟು ಸಣ್ಣ ಜೀವಿಗಳು ಮಾತ್ರ ಇದ್ದವು.

“ಹಾಗಾದರೆ ಇದು ಬೆಂಕಿಯಿಂದ ಆದದ್ದಾ ಮುತ್ಯಾ?” ಮೊಮ್ಮಗಳು ಬಿಡುವವಳಲ್ಲ.

“ಬೆಂಕಿಯಿಂದಲೇ. ಆದರ ಹೊರಗ ಬಂದ ಬೆಂಕಿ ಅಲ್ಲ” ಎಂದೆ. ಉಳಿದದ್ದನ್ನು ಶಹಾಪುರದಲ್ಲಿ ಹೇಳುವೆನೆಂದು ಗಾಡಿ ಹತ್ತಿಸಿದೆ.

ಮಲಗಿದ ಬುದ್ಧ

ಭೀಮಾ ನದಿಯ ಸೇತುವೆ ದಾಟಿ ಪಶ್ಚಿಮಕ್ಕೆ ಹೊರಟರೆ ಎರಡೂ ಕಡೆ ಹೊಲ. ಹತ್ತಿ ಬಿಡಿಸುವವರು ಆಗಲೇ ಹೊಲಕ್ಕೆ ಇಳಿದಿದ್ದರು, ತೊಗರಿ ಕೊಯ್ಲಿಗೆ ಬಂದಿತ್ತು. ಶಹಾಪುರ ಹತ್ತಿರವಾದಂತೆ ಬಾನಂಚಿನಲ್ಲಿ ಗುಡ್ಡಗಳ ಸಾಲು ಏಳುತ್ತದೆ. ರಸ್ತೆಯ ಪಕ್ಕ ಒಂದು ಕಡೆ ಗಾಡಿ ನಿಲ್ಲಿಸಿ, “ಈಗ ಸುಮ್ಮನೆ ಆ ಕಡೆ ನೋಡ್ರಿ” ಎಂದೆ.

ಮೊದಲು ಕಂಡವನು ಮೊಮ್ಮಗ. “ಯಾರೋ ಮಲಗ್ಯಾರ!”

ಹೌದು, ಅಂಗಾತ ಮಲಗಿದ ಒಬ್ಬ ಮನುಷ್ಯ. ಹಣೆ, ಮೂಗು, ತುಟಿ, ಗದ್ದ, ಅಲ್ಲಿಂದ ಮುಂದೆ ಎದೆ, ಹೊಟ್ಟೆ, ನೀಳವಾದ ಕಾಲು. ಮುಖದಲ್ಲಿ ಎಂಥ ನೆಮ್ಮದಿ ಎಂದರೆ, ಜನ ಅದನ್ನು ‘ಮಲಗಿದ ಬುದ್ಧ’ ಎಂದೇ ಕರೆಯುತ್ತಾರೆ. ಯಾವ ಶಿಲ್ಪಿಯೂ ಉಳಿ ಮುಟ್ಟಿಸಿಲ್ಲ. ಇದು ಒಂದೇ ಗುಡ್ಡವೂ ಅಲ್ಲ. ಹಿಂದೆ ಮುಂದೆ ಇರುವ ಬೇರೆ ಬೇರೆ ಗುಡ್ಡಗಳು ಒಂದು ಜಾಗದಿಂದ ನೋಡಿದಾಗ ಒಂದರ ಪಕ್ಕ ಒಂದು ಕೂಡಿಕೊಂಡು ಬುದ್ಧನಾಗುತ್ತವೆ. ಸ್ವಲ್ಪ ದೂರ ಮುಂದೆ ಹೋದರೆ ಮೂಗು ಕರಗುತ್ತದೆ. ಇನ್ನೂ ಮುಂದೆ ಹೋದರೆ ಬುದ್ಧನಿಲ್ಲ, ಬರೀ ಗುಂಡುಕಲ್ಲಿನ ಗುಡ್ಡಗಳು.

ಈ ಗುಡ್ಡಗಳು ಹುಟ್ಟಿದ ಬಗೆಯನ್ನು ಮಕ್ಕಳಿಗೆ ನಮ್ಮ ಜಾತ್ರೆಯ ತಿನಿಸಿನಿಂದಲೇ ವಿವರಿಸಿದೆ. ಜಾತ್ರೆಯಲ್ಲಿ ಬತ್ತಾಸು ತಿಂದಿದ್ದೀರಿ, ಕಲ್ಲುಸಕ್ಕರೆಯನ್ನೂ ತಿಂದಿದ್ದೀರಿ. ಎರಡೂ ಸಕ್ಕರೆಯೇ. ಬತ್ತಾಸಿನ ಪಾಕ ಬೇಗ ಆರುತ್ತದೆ, ಅದರಲ್ಲಿ ಹರಳು ಕಾಣುವುದಿಲ್ಲ, ಒಳಗೆ ಗಾಳಿಯ ಗುಳ್ಳೆ. ಕಲ್ಲುಸಕ್ಕರೆಯ ಪಾಕವನ್ನು ಅಲುಗಿಸದೆ ದಿನಗಟ್ಟಲೆ ಬಿಡುತ್ತಾರೆ, ನಿಧಾನವಾಗಿ ದಪ್ಪ ದಪ್ಪ ಹರಳು ಕಟ್ಟುತ್ತದೆ. ಕಲ್ಲಿನ ಕಥೆಯೂ ಹೀಗೆಯೇ. ಭೂಮಿಯೊಳಗಿನ ಕರಗಿದ ಕಲ್ಲಿಗೆ ಶಿಲಾಪಾಕ ಎನ್ನುತ್ತಾರೆ. ಅದು ಬಿರುಕಿನಿಂದ ಹೊರಕ್ಕೆ ಚಿಮ್ಮಿ ಗಾಳಿಗೆ ಬೇಗ ಆರಿದರೆ ಬತ್ತಾಸಿನ ಹಾಗೆ ನಯವಾದ ಕಲ್ಲು. ಹೊರಗೆ ಬರಲಾಗದೆ ನೆಲದಡಿ ಕಿಲೋಮೀಟರುಗಟ್ಟಲೆ ಆಳದಲ್ಲೇ ಸಿಕ್ಕಿಕೊಂಡು ಲಕ್ಷಾಂತರ ವರ್ಷ ನಿಧಾನವಾಗಿ ಆರಿದರೆ ಕಲ್ಲುಸಕ್ಕರೆಯ ಹಾಗೆ ಹರಳು ಹರಳಾದ ಕಲ್ಲು. ಯಾದಗಿರಿ ಕೋಟೆಯಲ್ಲಿ ನೋಡಿದ ಚುಕ್ಕಿಗಳು ಆ ಹರಳುಗಳೇ. ಹಾಗಾಗಿ ಬುದ್ಧ ಬೆಂಕಿಯ ಮಗನೇ ಸರಿ, ಆದರೆ ಜ್ವಾಲಾಮುಖಿಯಲ್ಲ.

“ಅಷ್ಟು ಆಳದಾಗ ಇದ್ದದ್ದು ಮ್ಯಾಲೆ ಹ್ಯಾಂಗ ಬಂತು?” ಮೊಮ್ಮಗನ ಪ್ರಶ್ನೆ.

ಮೇಲಿದ್ದ ನೆಲವೆಲ್ಲ ಮಳೆಗೆ, ಗಾಳಿಗೆ, ಹೊಳೆಗೆ ಕೋಟ್ಯಂತರ ವರ್ಷ ಸವೆದು ಹೋಯಿತು. ಮೇಲಿನ ಭಾರ ಇಳಿದಾಗ ಬಂಡೆ ಹಿಗ್ಗಿ ಉದ್ದಕ್ಕೂ ಅಡ್ಡಕ್ಕೂ ಬಿರುಕು ಬಿಟ್ಟಿತು. ಬಿರುಕಿಗೆ ನೀರಿಳಿದು ಚೌಕ ಕಲ್ಲಿನ ಮೂಲೆಗಳನ್ನು ಮೊದಲು ತಿಂದಿತು. ಮೂಲೆ ಹೋದ ಮೇಲೆ ಉಳಿಯುವುದು ಗುಂಡುಕಲ್ಲು. ಸಂದಿಯ ಮಣ್ಣು ಕೊಚ್ಚಿಹೋಗಿ ಗುಂಡಿನ ಮೇಲೆ ಗುಂಡು ಕುಳಿತವು. ನಾವು ‘ಯಾರೋ ಎತ್ತಿ ಇಟ್ಟಂಗ ಅದ’ ಎನ್ನುವ ಬಂಡೆಗಳನ್ನು ಯಾರೂ ಎತ್ತಿ ಇಟ್ಟಿಲ್ಲ. ಅವು ಇದ್ದಲ್ಲೇ ಇವೆ, ಸುತ್ತಲಿನದು ಹೋಗಿದೆ.

ಮೊಮ್ಮಗಳು ಬಹಳ ಹೊತ್ತು ಬುದ್ಧನ ಚಿತ್ರ ಬರೆದಳು. ಆಮೇಲೆ ಕೇಳಿದಳು: “ಬೇರೆ ಬೇರೆ ಗುಡ್ಡ ಸೇರಿ ಬುದ್ಧ ಆಗಿದ್ದರೆ, ಅದರಲ್ಲಿ ಒಂದನ್ನು ಯಾರಾದರೂ ಒಡೆದು ಹಾಕಿದರೆ?”

ಒಂದು ಹೋದರೂ ಬುದ್ಧ ಹೋದ ಹಾಗೆ ಎಂದೆ. ಅವಳು ಅದನ್ನೂ ನೋಟ್‌ಬುಕ್ಕಿನಲ್ಲಿ ಬರೆದುಕೊಂಡಳು.

ವಿಭೂತಿಹಳ್ಳಿಯಲ್ಲಿ ಬೂದಿ ಇಲ್ಲ

ಶಹಾಪುರದ ಹತ್ತಿರವೇ ಇರುವ ವಿಭೂತಿಹಳ್ಳಿಯಲ್ಲಿ ಇಳಿದ ಕೂಡಲೇ ಇಬ್ಬರೂ ನೆಲ ಕೆದಕಿ ನೋಡಿದರು. ಬೂದಿ ಸಿಗಲಿಲ್ಲ. ಸಿಕ್ಕಿದ್ದು ಕಲ್ಲು, ಅದೂ ಸಾಲುಸಾಲಾಗಿ.

ಬಯಲಲ್ಲಿ ಗ್ರಾನೈಟ್ ಗುಂಡುಗಳನ್ನು ಹೆಚ್ಚುಕಡಿಮೆ ಒಂದೇ ಅಂತರದಲ್ಲಿ ನಿಲ್ಲಿಸಿದ್ದಾರೆ. ಒಂದು ಕಲ್ಲಿನ ಹಿಂದೆ ನಿಂತು ನೋಡಿದರೆ ನೇರ ಒಂದು ಸಾಲು, ಮೂಲೆಯಿಂದ ಓರೆಯಾಗಿ ನೋಡಿದರೂ ಇನ್ನೊಂದು ಸಾಲು. ಶಾಲೆಯ ಮೈದಾನದಲ್ಲಿ ಕವಾಯತಿಗೆ ಮಕ್ಕಳನ್ನು ನಿಲ್ಲಿಸಿದ ಹಾಗೆ. ಮೇಲಿನ ಬುದ್ಧನ ಗುಡ್ಡವನ್ನು ಮಾಡಿದ್ದು ನೀರು, ಗಾಳಿ. ಇದನ್ನು ಮಾಡಿದ್ದು ಮನುಷ್ಯ, ಎರಡು ಸಾವಿರ ವರ್ಷಕ್ಕೂ ಹಿಂದೆ. ಭಾರತೀಯ ಪುರಾತತ್ವ ಸರ್ವೇಕ್ಷಣ ಇಲಾಖೆ ರಕ್ಷಿಸಿರುವ ಬೃಹತ್ ಶಿಲಾಯುಗದ ನೆಲೆ ಇದು. ಇಂಥ ಕಲ್ಲಿನ ಸಾಲುಗಳು ನಮ್ಮ ಸುರಪುರ ಸೀಮೆಯ ಹನಮಸಾಗರದಲ್ಲೂ ಇವೆ. ವರ್ಷದ ಗೊತ್ತಾದ ದಿನಗಳಲ್ಲಿ ಸೂರ್ಯ ಹುಟ್ಟುವ, ಮುಳುಗುವ ದಿಕ್ಕಿಗೂ ಈ ಸಾಲುಗಳಿಗೂ ಹೊಂದಿಕೆ ಇದೆಯೆಂದು ಕೆಲವು ಖಗೋಳ ವಿಜ್ಞಾನಿಗಳು ಅಳೆದು ನೋಡಿ ಹೇಳಿದ್ದಾರೆ. ಬಿತ್ತನೆಗೆ ದಿನ ಗುರುತಿಸಲು ಗೋಡೆಯ ಮೇಲೆ ಕ್ಯಾಲೆಂಡರ್ ಇಲ್ಲದ ಕಾಲದಲ್ಲಿ ಹೊಲವೇ ಕ್ಯಾಲೆಂಡರ್ ಆಗಿದ್ದರೆ ಅಚ್ಚರಿಯೇನಿಲ್ಲ.

ಮಕ್ಕಳು ಸಾಲು ಹಿಡಿದು ಎಣಿಸುತ್ತ ಹೋದರು. ಮೊಮ್ಮಗ ನಡುವೆ ನಿಂತುಬಿಟ್ಟ. “ಇಲ್ಲೊಂದು ಕಲ್ಲು ಇಲ್ಲ ಮುತ್ಯಾ. ಅಲ್ಲೂ ಇಲ್ಲ.” ಸಾಲು ಅಲ್ಲಲ್ಲಿ ತುಂಡಾಗಿತ್ತು. ಮನೆಯ ಪಾಯಕ್ಕೋ ಹೊಲದ ಒಡ್ಡಿಗೋ ಯಾವ ಕಾಲದಲ್ಲೋ ಹೋದ ಕಲ್ಲುಗಳಿರಬೇಕು. ಒಯ್ದವರಿಗೆ ಅದು ಬರೀ ಕಲ್ಲು. ಹುಡುಗ ಖಾಲಿ ಜಾಗಗಳನ್ನೂ ಎಣಿಸತೊಡಗಿದ. ಲೆಕ್ಕದಲ್ಲಿ ಅವು ಸೇರಬೇಕಂತೆ.

ಸುರಪುರದ ಗುಡ್ಡದ ಮೇಲೆ

ಮಧ್ಯಾಹ್ನದ ಹೊತ್ತಿಗೆ ಸುರಪುರ. ಇದು ನಾಯಕ ಅರಸರ ಊರು. ಸುತ್ತ ಗುಡ್ಡಗಳೇ ಕೋಟೆಯಾದ ಊರು. 1858ರಲ್ಲಿ ಬ್ರಿಟಿಷರ ವಿರುದ್ಧ ಎದ್ದ ರಾಜಾ ವೆಂಕಟಪ್ಪ ನಾಯಕನ ಹೆಸರು ಇಲ್ಲಿ ಮಕ್ಕಳಿಗೂ ಗೊತ್ತು. ಆ ಅರಸ ಚಿಕ್ಕವನಿದ್ದಾಗ, 1840ರ ದಶಕದಲ್ಲಿ, ಇಲ್ಲಿ ಬ್ರಿಟಿಷ್ ಅಧಿಕಾರಿಯಾಗಿ ಇದ್ದವನು ಮೆಡೋಸ್ ಟೇಲರ್. ಗುಡ್ಡದ ಮೇಲೆ ಅವನು ಕಟ್ಟಿಸಿದ ಬಂಗಲೆ ಟೇಲರ್ ಮಂಜಿಲ್ ಎಂದೇ ಹೆಸರಾಗಿದೆ. ಬಾಲಕ ಅರಸ ಅವನನ್ನು ‘ಅಪ್ಪಾ’ ಎಂದು ಕರೆಯುತ್ತಿದ್ದನಂತೆ.

ನಮ್ಮ ಕಥೆಗೆ ಟೇಲರ್ ಬೇಕಾಗುವುದು ಬೇರೊಂದು ಕಾರಣಕ್ಕೆ. ಸುರಪುರ ಸೀಮೆಯ ಹಳೆಯ ಕಲ್ಲುಗಳನ್ನು ಹುಡುಕಿ, ಅಳೆದು, ಚಿತ್ರ ಬರೆದು, ಓದುವ ಜಗತ್ತಿಗೆ ತಿಳಿಸಿದವರಲ್ಲಿ ಅವನು ಮೊದಲಿಗ. ವಿಭೂತಿಹಳ್ಳಿಯ ಸಾಲುಗಳನ್ನು ಅವನು ನೋಡಿದ್ದ. ರಾಜನಕೊಳ್ಳೂರಿನಲ್ಲಿ ದೊಡ್ಡ ಚಪ್ಪಡಿಗಳನ್ನು ನಿಲ್ಲಿಸಿ ಮೇಲೆ ಒಂದು ಚಪ್ಪಡಿ ಮುಚ್ಚಿದ ಕಲ್ಮನೆಗಳಿವೆ. ಜನ ಅವನ್ನು ‘ಮೋರ್ಯರ ಮನೆ’ ಎನ್ನುತ್ತಾರೆ. ಟೇಲರ್ ಆ ಹೆಸರನ್ನೂ ಬರೆದುಕೊಂಡ. ಊರವರು ಹೇಳಿದ ಹೆಸರನ್ನು ಬಿಡದೆ ಬರೆದುಕೊಳ್ಳುವುದು ಒಳ್ಳೆಯ ಅಭ್ಯಾಸ. ನಮ್ಮ ಮೊಮ್ಮಗಳ ಹುಡುಕಾಟ ಶುರುವಾದದ್ದೂ ಹೆಸರಿನಿಂದಲೇ ಅಲ್ಲವೇ?

ಬಂಡೆಯ ನೆರಳಲ್ಲಿ ಬುತ್ತಿ ಬಿಚ್ಚಿದೆವು. ಬೆಂಗಳೂರಿನ ಹುಡುಗಿ ಎರಡನೆಯ ಸಜ್ಜಿ ರೊಟ್ಟಿ ತಾನೇ ಕೇಳಿ ಹಾಕಿಸಿಕೊಂಡಳು.

ಹೊರಗೆ ಬಂದ ಬೆಂಕಿ

ಊಟವಾದ ಮೇಲೆ ಹುಣಸಗಿಯ ದಾರಿ ಹಿಡಿದೆವು. ಇಲ್ಲಿ ನೆಲ ಬದಲಾಗುವುದನ್ನು ಗಾಡಿಯಲ್ಲಿ ಕುಳಿತೇ ಗುರುತಿಸಬಹುದು. ಗ್ರಾನೈಟ್ ಗುಡ್ಡದ ಬುಡದಲ್ಲಿ ಕೆಂಪು, ಮರಳು ಮರಳಾದ ಮಸಾರಿ ಭೂಮಿ. ಮುಂದೆ ಹೋದಂತೆ ಕಪ್ಪು ಎರಿ ಭೂಮಿ. ದುಂಡು ತಲೆಯ ಗುಡ್ಡಗಳು ಹಿಂದೆ ಬಿದ್ದು, ಮೇಜಿನ ಹಾಗೆ ಚಪ್ಪಟೆ ತಲೆಯ ದಿಬ್ಬಗಳು ಕಾಣಿಸುತ್ತವೆ. ಹುಣಸಗಿ ಕೊಳ್ಳದ ಸುತ್ತಲಿನ ಇಂಥ ದಿಬ್ಬಗಳಲ್ಲಿ ಸುಣ್ಣಕಲ್ಲಿನ ಪದರಗಳಿವೆ. ನಮ್ಮ ಮನೆಗಳಿಗೆಲ್ಲ ಹಾಸುವ ಶಹಾಬಾದ್ ಪರಸಿ ಕಲ್ಲಿನ ಬಳಗವೇ ಅದು. ಅಂದರೆ ಒಂದು ಕಾಲದಲ್ಲಿ ಇಲ್ಲಿ ಸಮುದ್ರವಿತ್ತು, ಅದರ ತಳದ ಕೆಸರು ಕಲ್ಲಾಯಿತು. ಕೆಲವು ದಿಬ್ಬಗಳ ನೆತ್ತಿಯ ಮೇಲೆ ಕಪ್ಪು ಕಲ್ಲಿನ ಟೊಪ್ಪಿಗೆ ಇದೆ.

ದಾರಿ ಬದಿಯಲ್ಲಿ ಸಿಕ್ಕ ಒಂದು ಕರಿಕಲ್ಲನ್ನು ಮೊಮ್ಮಗಳ ಕೈಗಿಟ್ಟೆ. ಭೂತಗನ್ನಡಿ ಹಿಡಿದಳು. ಹರಳು ಕಾಣಲಿಲ್ಲ. ಸೂಜಿಯಿಂದ ಚುಚ್ಚಿದಂಥ ಸಣ್ಣ ಸಣ್ಣ ತೂತುಗಳು, ಒಂದೆರಡು ತೂತಿನಲ್ಲಿ ಬಿಳಿ ಪುಡಿಯಂಥ ಖನಿಜ.

“ಬತ್ತಾಸು!” ಎಂದು ಕೂಗಿದಳು. “ಇದು ಹೊರಗೆ ಬಂದು ಬೇಗ ಆರಿದ್ದು!”

ಸರಿಯಾದ ಉತ್ತರ. ಅದು ಬಸಾಲ್ಟ್, ಲಾವಾ ಆರಿ ಆದ ಕಲ್ಲು. ಸುಮಾರು 6.6 ಕೋಟಿ ವರ್ಷಗಳ ಹಿಂದೆ, ಡೈನೊಸಾರ್‌ಗಳ ಕೊನೆಗಾಲದಲ್ಲಿ, ಇಂದಿನ ಮಹಾರಾಷ್ಟ್ರ ಮತ್ತು ಸುತ್ತಲಿನ ನೆಲ ಉದ್ದುದ್ದಕ್ಕೆ ಬಿರಿಯಿತು. ಚಿತ್ರದಲ್ಲಿ ನೋಡುವ ಹಾಗೆ ಚೂಪು ಬೆಟ್ಟ, ಅದರ ತುದಿಯಲ್ಲಿ ಬಾಯಿ ಅಂಥದೇನೂ ಇರಲಿಲ್ಲ. ಬಿರುಕುಗಳಿಂದ ಲಾವಾ ಉಕ್ಕಿ, ಕಾವಲಿಯ ಮೇಲೆ ಹೊಯ್ದ ದೋಸೆಹಿಟ್ಟಿನಂತೆ ಹರಡಿತು. ಒಂದು ಪದರ ಆರಿದ ಮೇಲೆ ಇನ್ನೊಂದು, ಅದರ ಮೇಲೆ ಮತ್ತೊಂದು. ಇವತ್ತಿಗೂ ಉಳಿದಿರುವ ಹರವೇ ಸುಮಾರು 5 ಲಕ್ಷ ಚದರ ಕಿಲೋಮೀಟರ್, ಅಂದರೆ ನಮ್ಮ ಕರ್ನಾಟಕದ ಎರಡೂವರೆ ಪಟ್ಟು. ಪಶ್ಚಿಮ ಘಟ್ಟದ ಮಹಾಬಲೇಶ್ವರದ ಕಡೆ ಅದರ ದಪ್ಪ ಕಿಲೋಮೀಟರಿಗಿಂತ ಹೆಚ್ಚು. ಪದರಗಳು ಸವೆದಾಗ ಮೆಟ್ಟಿಲು ಮೆಟ್ಟಿಲಾಗಿ ಕಾಣುವುದರಿಂದ ಸ್ವೀಡನ್ ದೇಶದ ಭಾಷೆಯ ‘ಮೆಟ್ಟಿಲು’ ಎಂಬ ಅರ್ಥದ ಮಾತಿನಿಂದ ಇದಕ್ಕೆ ‘ದಖ್ಖನ್ ಟ್ರ್ಯಾಪ್’ ಎಂದು ಹೆಸರು ಬಂತು. ಅಜಂತಾ, ಎಲ್ಲೋರಾದ ಗುಹೆಗಳನ್ನು ಕೊರೆದದ್ದು ಈ ಕಲ್ಲಿನಲ್ಲಿ. ನಮ್ಮ ವಿಜಯಪುರದ ಗೋಳಗುಮ್ಮಟ ಎದ್ದದ್ದು ಈ ಕಲ್ಲಿನಿಂದ.

ಆ ಲಾವಾ ಹಾಸಿನ ದಕ್ಷಿಣದ ಅಂಚು ನಮ್ಮ ಸೀಮೆಗೆ ಬಂದು ಮುಗಿಯುತ್ತದೆ. ಊಟದ ಎಲೆಯ ತುದಿಯಲ್ಲಿ ಸಾರು ಹರಿದು ನಿಂತ ಹಾಗೆ. ಕರಿಕಲ್ಲು ಕರಗಿ ಆದ ಎರಿ ಮಣ್ಣು ನೀರನ್ನು ಹಿಡಿದಿಟ್ಟುಕೊಳ್ಳುತ್ತದೆ. ಅದಕ್ಕೇ ಹಿಂಗಾರಿಯಲ್ಲಿ ಮಳೆ ಇಲ್ಲದಿದ್ದರೂ ಇಬ್ಬನಿ, ತೇವದಲ್ಲೇ ಬಿಳಿಜೋಳ ಬರುತ್ತದೆ. “ಅಂದ್ರ ನಾವು ಉಣ್ಣೂ ಜೋಳದ ರೊಟ್ಟಿ ಜ್ವಾಲಾಮುಖಿದು!” ಎಂದು ಮೊಮ್ಮಗ ನಗಾಡಿದ. ಆ ಮಾತು ತೀರಾ ಸುಳ್ಳೂ ಅಲ್ಲ.

ಬೂದಿಹಾಳದ ಬೂದಿ

ಹೊತ್ತು ಇಳಿಯುವ ಮೊದಲು ಬೂದಿಹಾಳ ಸೇರಿದೆವು. ಇಲ್ಲಿ ಬೂದಿ ನಿಜವಾಗಿಯೂ ಇದೆ. ಹೊಲದ ನಡುವೆ ಬೂದುಬಣ್ಣದ ಮಣ್ಣು, ಕೈಯಲ್ಲಿ ಹಿಡಿದರೆ ಹಿಟ್ಟಿನಂತೆ ಹಗುರ. ನಡುವೆ ಗುಳ್ಳೆಗುಳ್ಳೆಯಾಗಿ ಕರಗಿ ಗಟ್ಟಿಯಾದ ತುಣುಕು. ಮೊಮ್ಮಗಳ ಮುಖ ಅರಳಿತು. ಕರಗಿದೆ, ಗುಳ್ಳೆ ಇದೆ, ಬೂದಿ ಇದೆ. ಇನ್ನೇನು ಬೇಕು?

ಇನ್ನೂರು ವರ್ಷಗಳ ಹಿಂದೆ ದೊಡ್ಡ ದೊಡ್ಡವರಿಗೂ ಇದೇ ಗೊಂದಲವಿತ್ತು. ಬಳ್ಳಾರಿ, ರಾಯಚೂರು, ಸುರಪುರದ ಸೀಮೆಗಳಲ್ಲಿ ಇಂಥ ಬೂದಿದಿಬ್ಬಗಳು ಹಲವು. ಹಂಪಿಯ ಹತ್ತಿರ ನಿಂಬಾಪುರದ ಬೂದಿದಿಬ್ಬವನ್ನು ಜನ ವಾಲಿಯನ್ನು ಸುಟ್ಟ ಜಾಗ ಎನ್ನುತ್ತಾರೆ. ಬ್ರಿಟಿಷ್ ಕಾಲದ ಕೆಲವರು ಜ್ವಾಲಾಮುಖಿಯ ಬೂದಿಯೇ ಇರಬಹುದೆಂದು ಊಹಿಸಿದರು. ಇನ್ನು ಕೆಲವರು ಕಬ್ಬಿಣ ಕರಗಿಸಿದ ಕುಲುಮೆ ಎಂದರು. ಭೂಗರ್ಭ ವಿಜ್ಞಾನಿ ರಾಬರ್ಟ್ ಬ್ರೂಸ್ ಫೂಟ್ ಇದು ದನದ ಸಗಣಿಯ ಬೂದಿ ಎಂದರು. 1957ರಲ್ಲಿ ಆಲ್ಚಿನ್ ಎಂಬ ವಿದ್ವಾಂಸರು ಆಗಿನ ಮಹಬೂಬ್‌ನಗರ ಜಿಲ್ಲೆಯ ಉಟ್ನೂರಿನಲ್ಲಿ ಬೂದಿದಿಬ್ಬ ಅಗೆದಾಗ ಪದರಗಳ ನಡುವೆ ದನಗಳ ಗೊರಸಿನ ಗುರುತೇ ಸಿಕ್ಕಿತು.

1990ರ ದಶಕದಲ್ಲಿ ಪುಣೆಯ ಡೆಕ್ಕನ್ ಕಾಲೇಜಿನ ಕೆ. ಪದ್ದಯ್ಯ ಅವರ ತಂಡ ಈ ಬೂದಿಹಾಳವನ್ನು ಅಗೆಯಿತು. ಸುಮಾರು 4000 ವರ್ಷ ಹಿಂದಿನ ದನಗಾಹಿಗಳ ಊರು ಬಯಲಾಯಿತು. ದನದ ದೊಡ್ಡಿ, ಪಕ್ಕದಲ್ಲಿ ಮನೆಗಳು, ಕಲ್ಲಿನ ಅಲಗು ತಯಾರಿಸುತ್ತಿದ್ದ ಜಾಗ. ದೊಡ್ಡಿಯಲ್ಲಿ ಸೇರಿದ ಸಗಣಿಯನ್ನು ಒಟ್ಟಿ ಆಗಾಗ ಬೆಂಕಿ ಹಚ್ಚುತ್ತಿದ್ದರು. ಹುಲ್ಲಿನಲ್ಲಿ ಮರಳಿನ ಅಂಶ ಇರುತ್ತದೆ, ಅದು ದನದ ಹೊಟ್ಟೆಯಿಂದ ಸಗಣಿಗೆ ಬರುತ್ತದೆ. ಬೆಂಕಿ ಜೋರಾದಾಗ ಅದೇ ಕರಗಿ ಗಾಜಿನಂತಾಗುತ್ತದೆ. ನಮ್ಮ ಕೈಯಲ್ಲಿದ್ದ ಗುಳ್ಳೆಗುಳ್ಳೆ ತುಣುಕು ಹುಟ್ಟಿದ್ದು ಹಾಗೆ.

ಮೊಮ್ಮಗಳು ಪೆಚ್ಚಾಗುತ್ತಾಳೆ ಅಂದುಕೊಂಡೆ. ಆಗಲಿಲ್ಲ. “ಯಾಕೆ ಸುಡುತ್ತಿದ್ದರು? ಸಂಕ್ರಾಂತಿಗೆ ಮಂಡ್ಯದ ಕಡೆ ದನ ಕಿಚ್ಚು ಹಾಯಿಸುತ್ತಾರಲ್ಲ, ಹಾಗಾ?” ಎಂದಳು. ನಿಜಕ್ಕೂ ಆಲ್ಚಿನ್ ಅವರೂ ದನಗಳ ಹಬ್ಬ, ಬೆಂಕಿ ಹಾಯಿಸುವ ಆಚರಣೆಗಳ ಕಡೆಗೇ ಬೆರಳು ತೋರಿಸಿದ್ದರು. ಉಣ್ಣೆ, ನೊಣಗಳ ಕಾಟಕ್ಕೂ ಇರಬಹುದು.

ಅಷ್ಟರಲ್ಲಿ ಎಮ್ಮೆ ಹೊಡೆದುಕೊಂಡು ಬಂದ ಒಬ್ಬರು ನಿಂತು, “ಏನ್ ಹುಡಕ್ಲಿಕತ್ತೀರಿ ಸರ? ಬಂಗಾರೇನು?” ಎಂದು ನಕ್ಕರು.

“ಇಲ್ರಿ ಕಾಕಾ, ಬೂದಿ” ಎಂದ ಮೊಮ್ಮಗ. “ಇದು ನಿಮ್ಮಂಥವರ ದನದ ದೊಡ್ಡೀದಂತ್ರಿ. ನಾಕ್ ಸಾವಿರ ವರ್ಷದ್ದು.”

ಅವರು ಬೂದಿಯನ್ನು ಚಿಟಿಕೆ ಹಿಡಿದು ಉಜ್ಜಿ ನೋಡಿದರು. “ವಿಭೂತಿನೂ ಸಗಣೀದ ಅಲ್ಲಪಾ ಮಾಡೂದು” ಎಂದರು.

ಆ ಮಾತು ನನಗೆ ಹೊಳೆದಿರಲಿಲ್ಲ. ಕುರುಳು ಸುಟ್ಟ ಬೂದಿಯಿಂದ ಕಟ್ಟಿದ ವಿಭೂತಿಯನ್ನು ನಾನು ದಿನಾ ಹಣೆಗೆ ಹಚ್ಚಿಕೊಳ್ಳುತ್ತೇನೆ. ಮೊಮ್ಮಗಳು ತನ್ನ ನೋಟ್‌ಬುಕ್ಕಿನಲ್ಲಿ ವಿಭೂತಿಹಳ್ಳಿ, ಬೂದಿಹಾಳ ಎರಡರ ನಡುವೆ ಒಂದು ಗೆರೆ ಎಳೆದು ಅದರ ಮೇಲೆ ‘ಆಕಳು’ ಎಂದು ಬರೆದಳು. ವಿಭೂತಿಹಳ್ಳಿಗೆ ಆ ಹೆಸರು ಬಂದದ್ದಕ್ಕೆ ಅದು ಪುರಾವೆಯಲ್ಲ ಎಂದು ಹೇಳಿದೆ. ಪಕ್ಕದಲ್ಲಿ ಒಂದು ಪ್ರಶ್ನಾರ್ಥಕ ಚಿಹ್ನೆ ಹಾಕಿಕೊಂಡಳು.

ಕಲ್ಲು ಬೇಕು, ಗುಡ್ಡವೂ ಬೇಕು

ವಾಪಸು ಬರುವಾಗ ಕತ್ತಲಾಗುತ್ತಿತ್ತು. ದಾರಿಯಲ್ಲಿ ಒಂದು ಕಡೆ ಗುಡ್ಡದ ಅರ್ಧ ಭಾಗ ಕತ್ತರಿಸಿದ ಹಾಗೆ ಇಲ್ಲವಾಗಿತ್ತು. ಕೆಳಗೆ ಜಲ್ಲಿಯ ರಾಶಿ.

ನಾನು ಶಾಲೆಗೆ ಹೋಗುತ್ತಿದ್ದ ದಾರಿಯಲ್ಲಿ ಆನೆಯಂಥ ಒಂದು ಗುಂಡು ಇತ್ತು. ಮಳೆ ಬಂದರೆ ಅದರ ಹೊಟ್ಟೆಯ ಕೆಳಗೆ ನಾವು ಏಳೆಂಟು ಹುಡುಗರು ನಿಲ್ಲುತ್ತಿದ್ದೆವು. ಈಗ ಆ ಜಾಗದಲ್ಲಿ ನೀರು ತುಂಬಿದ ಕುಣಿ ಇದೆ. ಅದನ್ನು ಮಕ್ಕಳಿಗೆ ಹೇಳಿದೆ. ಜೊತೆಗೇ ಇದನ್ನೂ ಹೇಳಿದೆ: ನಮ್ಮ ಮನೆಯ ಪಾಯ ಗುಡ್ಡದ ಕಲ್ಲಿನದೇ. ನಾವು ಬಂದ ಡಾಂಬರು ರಸ್ತೆಯ ಕೆಳಗಿರುವುದೂ ಜಲ್ಲಿಯೇ. ಬಿಸಿಲಲ್ಲಿ ಸುತ್ತಿಗೆ ಹಿಡಿದು ಕಲ್ಲು ಒಡೆಯುವವರ ಒಲೆ ಉರಿಯುವುದೂ ಅದರಿಂದಲೇ. ಕಲ್ಲು ಒಡೆಯಲೇಬಾರದು ಎಂದು ಹೇಳುವ ಬಾಯಿ ನನಗಿಲ್ಲ.

ಆದರೆ ಯಾವುದನ್ನು ಒಡೆಯಬೇಕು, ಯಾವುದನ್ನು ಬಿಡಬೇಕು ಎಂದು ಆರಿಸಲು ಮೊದಲು ಇಲ್ಲಿ ಏನಿದೆ ಎಂದು ಗೊತ್ತಿರಬೇಕು. ಸಂರಕ್ಷಿತ ಸ್ಮಾರಕಗಳ ಸುತ್ತ 100 ಮೀಟರಿನೊಳಗೆ ಕಟ್ಟಡ, ಗಣಿಗಾರಿಕೆ ಮಾಡುವಂತಿಲ್ಲವೆಂದು ಕಾನೂನಿದೆ. ವಿಭೂತಿಹಳ್ಳಿಗೆ ಅಂಥ ಕಾವಲಿದೆ. ಹೊಲದ ನಡುವೆ ಹೆಸರಿಲ್ಲದೆ ನಿಂತ ಗುಂಡುಕಲ್ಲಿಗೆ, ಗೊಬ್ಬರವೆಂದು ಗಾಡಿಯಲ್ಲಿ ಹೇರಿಕೊಂಡು ಹೋಗುವ ಬೂದಿದಿಬ್ಬಕ್ಕೆ ಕಾವಲು ಯಾರು? ಅದನ್ನು ಗುರುತು ಹಿಡಿಯಬಲ್ಲ ಊರವರೇ. ಅದರ ಕೆಳಗೆ ಮಳೆಗೆ ನಿಂತವರು, ಅದರ ಹೆಸರು ಬಲ್ಲವರು.

ಮನೆಗೆ ಬಂದ ಮೇಲೆ ಮೊಮ್ಮಗ ತನ್ನ ಲೆಕ್ಕ ತೋರಿಸಿದ. ವಿಭೂತಿಹಳ್ಳಿಯಲ್ಲಿ ತಾನು ಹಿಡಿದ ಒಂದು ಸಾಲಿನಲ್ಲಿ ಇದ್ದ ಕಲ್ಲುಗಳಿಗೆ ಕಪ್ಪು ಚುಕ್ಕಿ, ಇಲ್ಲದ ಕಲ್ಲುಗಳಿಗೆ ಬಿಳಿ ಸೊನ್ನೆ. ಮುಂದಿನ ವರ್ಷ ಮತ್ತೆ ಹೋಗಿ ಎಣಿಸುವುದೆಂದು ಅಕ್ಕ ತಮ್ಮ ಇಬ್ಬರೂ ಮಾತಾಡಿಕೊಂಡಿದ್ದಾರೆ. ಸೊನ್ನೆ ಒಂದೂ ಹೆಚ್ಚಾಗಿರಬಾರದು ಎಂಬುದು ಅವರ ಕರಾರು.

ನೀವೂ ಹೋಗುವುದಾದರೆ

ಚಳಿಗಾಲ ಒಳ್ಳೆಯದು. ಬೇಸಿಗೆಯಲ್ಲಿ ಇಲ್ಲಿಯ ಬಂಡೆ ಕಾದ ಹಂಚಾಗುತ್ತದೆ. ಯಾದಗಿರಿಗೆ ರೈಲಿದೆ, ಅಲ್ಲಿಂದ ಶಹಾಪುರ, ಸುರಪುರಗಳಿಗೆ ಬಸ್ಸುಗಳಿವೆ. ಹುಣಸಗಿ, ಬೂದಿಹಾಳದ ಕಡೆಗೆ ಸ್ವಂತ ಗಾಡಿ ಇದ್ದರೆ ಅನುಕೂಲ. ಮಲಗಿದ ಬುದ್ಧ ಎಲ್ಲಿಂದ ಚೆನ್ನಾಗಿ ಕಾಣುತ್ತಾನೆ ಎಂದು ಶಹಾಪುರದಲ್ಲಿ ಯಾರನ್ನು ಕೇಳಿದರೂ ಹೇಳುತ್ತಾರೆ. ಹೊಲದೊಳಗೆ ಇಳಿಯುವ ಮುಂಚೆ ಹೊಲದವರನ್ನು ಕೇಳಿ. ಬೂದಿದಿಬ್ಬದಿಂದ, ಕಲ್ಲಿನ ಸಾಲಿನಿಂದ ಏನನ್ನೂ ತರಬೇಡಿ. ನಾವು ಕೈಗೆತ್ತಿಕೊಂಡ ತುಣುಕನ್ನು ಅಲ್ಲೇ ಇಟ್ಟು ಬಂದೆವು.

ನಿಜವಾದ ಲಾವಾ ಕಲ್ಲನ್ನು ಇನ್ನೂ ನೋಡಬೇಕೆನ್ನುವ ಮಕ್ಕಳಿಗೆ ಕರ್ನಾಟಕದಲ್ಲೇ ಎರಡು ಜಾಗಗಳಿವೆ. ಉಡುಪಿ ಜಿಲ್ಲೆಯ ಮಲ್ಪೆಯಿಂದ ದೋಣಿಯಲ್ಲಿ ಹೋಗುವ ಸೇಂಟ್ ಮೇರಿಸ್ ದ್ವೀಪದಲ್ಲಿ ಲಾವಾ ಆರುವಾಗ ಸೀಳಿ ಕಂಬಕಂಬವಾಗಿ ನಿಂತಿದೆ. ಚಿತ್ರದುರ್ಗ ಜಿಲ್ಲೆಯ ಮರಡಿಹಳ್ಳಿಯಲ್ಲಿ ನೀರಿನೊಳಗೆ ಉಕ್ಕಿದ ಲಾವಾ ದಿಂಬುಗಳನ್ನು ಒಟ್ಟಿದ ಹಾಗೆ ಗಟ್ಟಿಯಾಗಿದೆ. ಎರಡೂ ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕಗಳು. ಇಂದಿಗೂ ಉರಿಯುವ ಜ್ವಾಲಾಮುಖಿ ನಮ್ಮ ದೇಶದಲ್ಲಿರುವುದು ಒಂದೇ, ಅಂಡಮಾನಿನ ಬ್ಯಾರನ್ ದ್ವೀಪದಲ್ಲಿ.

ಅಷ್ಟು ದೂರ ಹೋಗಲಾಗದವರು ಮನೆಯಲ್ಲೇ ಶುರು ಮಾಡಬಹುದು. ಬೀಸುಕಲ್ಲು, ಒಳಕಲ್ಲು, ಹೊಸ್ತಿಲ ಕಲ್ಲು, ಪರಸಿ ಇವುಗಳ ಮೇಲೆ ಭೂತಗನ್ನಡಿ ಹಿಡಿಯಿರಿ. ಹರಳು ಕಂಡರೆ ಕಲ್ಲುಸಕ್ಕರೆಯ ಬಳಗ, ಕಾಣದೆ ಕಪ್ಪಾಗಿ ನಯವಾಗಿದ್ದರೆ ಹೆಚ್ಚಾಗಿ ಬತ್ತಾಸಿನ ಬಳಗ, ಪದರ ಪದರವಾಗಿದ್ದರೆ ಹಳೆಯ ಸಮುದ್ರದ ಕೆಸರು. ಆ ಕಲ್ಲು ಯಾವ ಗುಡ್ಡದಿಂದ ಬಂತು, ಯಾರು ಕಡೆದರು ಎಂದು ಅಜ್ಜ ಅಜ್ಜಿಯನ್ನು ಕೇಳಿ ಬರೆದಿಡಿ. ಆ ಗುಡ್ಡ ಈಗಲೂ ಇದೆಯೇ ಎಂದೂ ಕೇಳಿ.